ಒಂದೇ ತಾರೀಖಿಗೆ ಹುಟ್ಟು, ಮದುವೆ, ಸಾವು: ಮನೆತನದ ದಿನಾಂಕಗಳನ್ನು ಜರಡಿ ಹಿಡಿಯುವುದು ಹೇಗೆ?

"ಮೇ 14 ನಮ್ಮ ಮನೇನ ಬಿಡಲ್ಲ ಕಣೋ" ಎಂದು ನಮ್ಮಜ್ಜಿ ಹೇಳುತ್ತಿದ್ದರು. ಅವರ ಲೆಕ್ಕ ಹೀಗಿತ್ತು. ಅವರ ಮದುವೆ 1952ರ ಮೇ 14. ದೊಡ್ಡಪ್ಪನ ಮದುವೆ ಮೇ 14. ಅತ್ತೆಯ ಮದುವೆಯೂ ಮೇ 14. ಕೊನೆಗೆ ಅಜ್ಜ ತೀರಿಕೊಂಡಿದ್ದೂ ಮೇ 14. ಚಿಕ್ಕಂದಿನಲ್ಲಿ ಇದನ್ನು ಕೇಳಿದಾಗ ಮೈ ಜುಮ್ಮೆನ್ನುತ್ತಿತ್ತು.

ದೊಡ್ಡವನಾದ ಮೇಲೆ ಕಾಗದ ಪತ್ರ ತೆಗೆದು ನೋಡಿದೆ. ನಾಲ್ಕರಲ್ಲಿ ಒಂದು ಸುಳ್ಳು, ಎರಡು ಬೇಕೆಂದೇ ಮಾಡಿದ್ದು. ನಿಜವಾದ ಕಾಕತಾಳೀಯ ಒಂದೇ ಒಂದು. ಆದರೆ ಆ ಹುಡುಕಾಟದಲ್ಲಿ ಮನೆಯ ಬಗ್ಗೆ ಗೊತ್ತಾದದ್ದು ಅಜ್ಜಿಯ ಕಥೆಗಿಂತ ಜಾಸ್ತಿ. ನಿಮ್ಮ ಮನೆಯಲ್ಲೂ ಇಂಥ ಒಂದು ತಾರೀಖು ಇದ್ದೇ ಇರುತ್ತದೆ. ಅದನ್ನು ಪರೀಕ್ಷಿಸಲು ನಾನು ಹಿಡಿದ ದಾರಿ ಇಲ್ಲಿದೆ.

ಹಂತ 1: ಎಲ್ಲ ತಾರೀಖನ್ನೂ ಬರೆಯಿರಿ

ಹೊಂದಿಕೆಯಾಗುವ ತಾರೀಖು ಮಾತ್ರ ನಮಗೆ ನೆನಪಿರುತ್ತದೆ. ಉಳಿದವನ್ನು ಯಾರೂ ಹೇಳುವುದಿಲ್ಲ. ಹಾಗಾಗಿ ಮೊದಲ ಕೆಲಸ ಎಲ್ಲರ ಹುಟ್ಟು, ಮದುವೆ, ಸಾವನ್ನು ಒಂದೇ ಕಡೆ ಬರೆಯುವುದು. ಗೆರೆ ಹಾಕಿದ ಉದ್ದ ಪುಸ್ತಕವೂ ಸಾಕು, ಎಕ್ಸೆಲ್ ಹಾಳೆಯೂ ಸರಿ.

ಒಂದು ಸಾಲಿಗೆ ಒಂದೇ ಘಟನೆ ಇರಲಿ. ಯಾರು, ಏನು, ವರ್ಷ, ತಿಂಗಳು, ದಿನ, ವಾರ, ತಿಥಿ, ಇದನ್ನು ಯಾರು ಹೇಳಿದರು ಅಥವಾ ಯಾವ ಕಾಗದದಲ್ಲಿದೆ, ಎಷ್ಟು ನಂಬಬಹುದು. ಇಷ್ಟು ಕಾಲಂ ಸಾಕು. ವರ್ಷ, ತಿಂಗಳು, ದಿನ ಬೇರೆ ಬೇರೆ ಕಾಲಂನಲ್ಲಿರಬೇಕು. ಆಗ ವರ್ಷವನ್ನು ಬಿಟ್ಟು ತಿಂಗಳು-ದಿನದ ಮೇಲೆ ಜೋಡಿಸಿದರೆ ಒಂದೇ ತಾರೀಖಿನವು ಪಕ್ಕಪಕ್ಕಕ್ಕೆ ಬಂದು ಕೂರುತ್ತವೆ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಎಕ್ಸೆಲ್‌ಗೆ 1900ಕ್ಕಿಂತ ಹಿಂದಿನ ತಾರೀಖು ತಾರೀಖೆಂದೇ ಗೊತ್ತಾಗುವುದಿಲ್ಲ. ಮುತ್ತಜ್ಜನ ಕಾಲಕ್ಕೆ ಹೋದರೆ ಕೈಕೊಡುತ್ತದೆ.

ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. 4/7 ಎಂದರೆ ನಮಗೆ ಜುಲೈ 4. ಅಮೆರಿಕದಲ್ಲಿರುವ ಅಣ್ಣ ಕಳಿಸಿದ ಪಟ್ಟಿಯಲ್ಲಿ ಅದೇ ಏಪ್ರಿಲ್ 7 ಆಗಿರಬಹುದು.

ಬದುಕಿರುವವರ ಪೂರ್ತಿ ಹುಟ್ಟಿದ ದಿನಾಂಕವನ್ನು ಮಾತ್ರ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಆ ಗುಂಪಿನಲ್ಲಿ ಯಾರ್‍ಯಾರಿದ್ದಾರೋ ಯಾರಿಗೆ ಗೊತ್ತು.

ಹಂತ 2: ಅಟ್ಟದಿಂದ ಶುರು ಮಾಡಿ

ಕಚೇರಿಗೆ ಹೋಗುವ ಮೊದಲು ಮನೆಯಲ್ಲೇ ಹುಡುಕಿ. ಲಗ್ನಪತ್ರಿಕೆ, ಜಾತಕ, ವೈಕುಂಠ ಸಮಾರಾಧನೆಯ ಕಾರ್ಡು, ಫೋಟೋಗಳ ಹಿಂಬದಿ, ಹಳೆ ಪಂಚಾಂಗದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಗೀಚಿದ್ದು, ಖರ್ಚಿನ ಪುಸ್ತಕ. ಸಾವಿನ ಸುದ್ದಿಯ ಕಾರ್ಡು ಸಿಗುವುದು ಕಷ್ಟ. ಅದನ್ನು ಓದಿ ಹರಿದು ಹಾಕುವ ಪದ್ಧತಿ ಎಷ್ಟೋ ಮನೆಗಳಲ್ಲಿತ್ತು.

ಪಾತ್ರೆಗಳನ್ನು ಮರೆಯಬೇಡಿ. ಮದುವೆಗೆ ಕೊಟ್ಟ ಹಿತ್ತಾಳೆ, ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಮತ್ತು ತಾರೀಖು ಕೆತ್ತಿಸುತ್ತಿದ್ದರಲ್ಲ, ಅದಕ್ಕಿಂತ ಗಟ್ಟಿ ದಾಖಲೆ ಬೇಕಾ? ನಮ್ಮ ಮನೆಯ ಹಿತ್ತಾಳೆ ಕೊಳಗದ ಮೇಲೆ 14-5-52 ಎಂದಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆ ಕಂಡಿತು.

ಹಿರಿಯರನ್ನು ಕೇಳುವಾಗ ತಾರೀಖು ಕೇಳಬೇಡಿ. "ಆಗ ಹೊಲದಲ್ಲಿ ಏನಿತ್ತು? ಮಳೆ ಇತ್ತಾ? ಹಬ್ಬಕ್ಕೆ ಮುಂಚೆಯಾ, ಆಮೇಲಾ? ಆಗ ನಿಮ್ಮ ಸೊಂಟದಲ್ಲಿ ಯಾವ ಮಗು ಇತ್ತು?" ಎಂದು ಕೇಳಿ. ಊಟ ಮುಗಿದು ಎಲೆ ಅಡಿಕೆ ಹಾಕಿಕೊಂಡು ಕೂತ ಹೊತ್ತು ಒಳ್ಳೆಯದು. ಹುಟ್ಟಿ ಸತ್ತ ಕೂಸುಗಳ ಲೆಕ್ಕ ಹೆಂಗಸರ ನೆನಪಿನಲ್ಲಿ ಮಾತ್ರ ಇರುತ್ತದೆ. ಅದನ್ನು ಅವರಾಗೇ ಹೇಳಿದರೆ ಬರೆದುಕೊಳ್ಳಿ. ಒತ್ತಾಯ ಮಾಡಿ ಕೆದಕಬೇಡಿ.

ಹಂತ 3: ಹೊರಗಿನ ದಾಖಲೆ

ಜನನ ಮರಣ ನೋಂದಣಿಯ ಈಗಿನ ಕಾನೂನು 1969ರದು. ಅದಕ್ಕಿಂತ ಹಿಂದಿನ ದಾಖಲೆ ಕೆಲವು ಊರಿನಲ್ಲಿ ಸಿಗುತ್ತದೆ, ಕೆಲವು ಕಡೆ ಇಲ್ಲವೇ ಇಲ್ಲ. ಹಳ್ಳಿಯ ಹಳೆಯ ಪುಸ್ತಕಗಳನ್ನು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ.

ಜಮೀನಿದ್ದ ಮನೆಯಾದರೆ ಪೌತಿ ಖಾತೆ, ಅಂದರೆ ಸತ್ತವರ ಜಮೀನು ವಾರಸುದಾರರ ಹೆಸರಿಗೆ ಬದಲಾದ ದಾಖಲೆ, ನೋಡಿ. ಅದರಲ್ಲಿ ಸತ್ತ ದಿನ ಸರಿಯಾಗಿ ಇಲ್ಲದಿದ್ದರೂ, ಖಾತೆ ಬದಲಾದ ದಿನಕ್ಕಿಂತ ಮೊದಲೇ ಸಾವಾಗಿತ್ತು ಎಂಬುದಂತೂ ಖಚಿತ. ಉತ್ತರ ಕರ್ನಾಟಕದವರಾದರೆ ನಿಮ್ಮ ಮನೆಗೆ ಬರುವ, ವಂಶಾವಳಿ ಹೇಳುವ ಹೆಳವರನ್ನು ಕೂರಿಸಿ ಮಾತಾಡಿಸಿ. ತಲೆಮಾರಿನ ಹೆಸರು, ಯಾವ ಊರಿನಿಂದ ಯಾವ ಊರಿಗೆ ಬಂದಿರಿ ಎಂಬುದು ಅವರ ಹತ್ತಿರ ಸಿಗುತ್ತದೆ. ತಾರೀಖು ಸಿಗುವುದು ಅಪರೂಪ. ಕಾಶಿ, ಗಯೆಗೆ ಹೋಗಿ ಬಂದ ಮನೆತನಗಳ ಹೆಸರು ಅಲ್ಲಿನ ತೀರ್ಥಪುರೋಹಿತರಾದ ಪಂಡರ ವಹಿಗಳಲ್ಲಿ (ದಾಖಲೆ ಪುಸ್ತಕಗಳಲ್ಲಿ) ಇರಬಹುದು. ಕರಾವಳಿಯ ಕ್ರೈಸ್ತ ಮನೆತನಗಳಿಗೆ ಚರ್ಚಿನ ಪುಸ್ತಕಗಳೇ ದೊಡ್ಡ ಆಸ್ತಿ. ಜ್ಞಾನಸ್ನಾನ, ಮದುವೆ, ಸಮಾಧಿ ಮೂರೂ ಅಲ್ಲಿರುತ್ತವೆ.

ಹಂತ 4: ಇದು ಯಾವುದರ ತಾರೀಖು ಎಂದು ಕೇಳಿ

ಎಷ್ಟೋ ಕಾಕತಾಳೀಯಗಳು ಸತ್ತು ಬೀಳುವುದು ಇಲ್ಲಿ. ಕಾಗದದಲ್ಲಿ ಒಂದು ತಾರೀಖು ಇದೆ. ಆದರೆ ಅದು ಯಾವುದರದು?

ನಮ್ಮ ಅಜ್ಜನ ವಿಷಯ ಹೀಗೇ ಆಯಿತು. ಮರಣ ಪ್ರಮಾಣಪತ್ರದಲ್ಲಿ ಮೇ 14 ಇತ್ತು, ನಿಜ. ಆದರೆ ಅದು ನೋಂದಣಿ ಮಾಡಿಸಿದ ದಿನ. ಸತ್ತ ದಿನ ಅದೇ ಹಾಳೆಯಲ್ಲಿ ಮೇ 6 ಎಂದಿದೆ. ಅಜ್ಜಿಗೆ ತಿಥಿ ಬಾಯಿಪಾಠ. ಇಂಗ್ಲಿಷ್ ತಾರೀಖು ಅವರಿಗೆ ಬೇಕಾಗಿರಲಿಲ್ಲ. ಯಾರೋ ಹಾಳೆ ನೋಡಿ ಮೇ 14 ಎಂದು ಓದಿ ಹೇಳಿದರು. ಆ ತಾರೀಖು ಮೊದಲೇ ಮನೆಯಲ್ಲಿ ಹೆಸರುವಾಸಿ. ತಕ್ಷಣ ಅಂಟಿಕೊಂಡಿತು.

ಇನ್ನು ಜೂನ್ 1. ನಿಮ್ಮ ಮನೆಯ ಹಿರಿಯರಲ್ಲಿ ಮೂರು ನಾಲ್ಕು ಜನ ಜೂನ್ 1ರಂದು ಹುಟ್ಟಿದ್ದರೆ ದೇವರ ಲೀಲೆ ಎನ್ನಬೇಡಿ. ಅದು ಮೇಷ್ಟ್ರ ಲೀಲೆ. ಶಾಲೆ ಶುರುವಾಗುವುದು ಜೂನ್‌ನಲ್ಲಿ. ಹುಟ್ಟಿದ ದಿನ ಗೊತ್ತಿಲ್ಲದ ಮಗುವನ್ನು ಸೇರಿಸಿಕೊಳ್ಳುವಾಗ ವಯಸ್ಸಿನ ಲೆಕ್ಕಕ್ಕೆ ಸಲೀಸಾಗಲಿ ಎಂದು ಅದನ್ನೇ ಬರೆದುಬಿಡುತ್ತಿದ್ದರು. ಶಾಲೆಯ ದಾಖಲೆಯಿಂದ ಅದು ಕೆಲಸದ ದಾಖಲೆಗೆ, ಅಲ್ಲಿಂದ ಪಿಂಚಣಿಗೆ, ಆಧಾರ್‌ಗೆ ಹೋಯಿತು. ಜನವರಿ 1ರ ಕಥೆಯೂ ಬಹುತೇಕ ಇದೇ. ನಿಮ್ಮ ಪಟ್ಟಿಯಲ್ಲಿ ಈ ಎರಡು ತಾರೀಖಿನ ಮುಂದೆ ಕೆಂಪು ಗುರುತು ಹಾಕಿ.

ಜ್ಞಾನಸ್ನಾನದ ದಿನ ಹುಟ್ಟಿದ ದಿನವಲ್ಲ. ಮದುವೆ ನೋಂದಣಿಯ ದಿನ ಧಾರೆಯ ದಿನವಲ್ಲ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ವೀಸಾಗಾಗಿ ನೋಂದಣಿ ಮಾಡಿಸಿದವರು ಎಷ್ಟೋ ಜನ.

ಇನ್ನೊಂದು ಮೋಸ ಹೆಸರಿನದು. ಸತ್ತ ಕೂಸಿನ ಹೆಸರನ್ನೇ ಮುಂದಿನ ಮಗುವಿಗೆ ಇಟ್ಟಿರಬಹುದು. ಅಜ್ಜನ ಹೆಸರು ಮೊಮ್ಮಗನಿಗೆ ಬರುವುದಂತೂ ಇದ್ದದ್ದೇ. ಒಂದೇ ಹೆಸರಿನ ಇಬ್ಬರು ಕಾಗದದಲ್ಲಿ ಒಬ್ಬರಾದರೆ, ಒಬ್ಬನ ಹುಟ್ಟು ಇನ್ನೊಬ್ಬನ ಸಾವಿನ ಜೊತೆ ಸೇರಿಕೊಳ್ಳುತ್ತದೆ.

ತಾರೀಖನ್ನು ಹೊಂದಿಕೆಯ ಕಡೆಗೆ ಎಳೆಯುವ ಆಸೆ ನಮ್ಮವರಿಗೆ ಮಾತ್ರ ಇರುವುದಲ್ಲ. ಷೇಕ್ಸ್‌ಪಿಯರ್ ಹುಟ್ಟಿದ್ದೂ ಸತ್ತಿದ್ದೂ ಏಪ್ರಿಲ್ 23 ಎನ್ನುತ್ತಾರೆ. ಸತ್ತದ್ದು 1616ರ ಏಪ್ರಿಲ್ 23, ಸರಿ. ಆದರೆ ಹುಟ್ಟಿದ ದಿನದ ದಾಖಲೆಯೇ ಇಲ್ಲ. ಇರುವುದು 1564ರ ಏಪ್ರಿಲ್ 26ರ ಜ್ಞಾನಸ್ನಾನದ ದಾಖಲೆ. ಉಳಿದದ್ದು ಊಹೆ.

ಹಂತ 5: ಎರಡು ಪಂಚಾಂಗದ ಗಂಟು ಬಿಡಿಸಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ನಮ್ಮ ಮನೆಗಳಲ್ಲಿ ಒಂದು ದಿನಕ್ಕೆ ಎರಡು ಹೆಸರು. ಸಂಬಳಕ್ಕೆ ಇಂಗ್ಲಿಷ್ ತಾರೀಖು, ಶ್ರಾದ್ಧಕ್ಕೆ ತಿಥಿ. ಎರಡೂ ಜೊತೆಯಾಗಿ ನಡೆಯುವುದಿಲ್ಲ. ಚಂದ್ರನ 12 ತಿಂಗಳು ಸುಮಾರು 354 ದಿನ. ಅಧಿಕ ಮಾಸ ಬಂದು ಆಗಾಗ ಸರಿದೂಗಿಸುತ್ತದೆ. ಒಮ್ಮೆ ಜೊತೆಗಿದ್ದ ತಿಥಿಯೂ ತಾರೀಖೂ ಸುಮಾರು 19 ವರ್ಷಕ್ಕೊಮ್ಮೆ ಮತ್ತೆ ಕೂಡುತ್ತವೆ, ಒಂದು ದಿನ ಆಚೆ ಈಚೆ. ಹಾಗಾಗಿ ನಿಮ್ಮ 19ನೇ, 38ನೇ, 57ನೇ ಹುಟ್ಟುಹಬ್ಬದಂದು ತಿಥಿಯೂ ತಾರೀಖೂ ಒಂದೇ ಆದರೆ ಅದು ಪವಾಡವಲ್ಲ, ಗಣಿತ.

ಇಲ್ಲಿ ಯಾರೂ ಗಮನಿಸದ ಒಂದು ವಿಷಯ ಇದೆ. ವರ್ಷಕ್ಕೆ 365 ತಾರೀಖು, ಸುಮಾರು 360 ತಿಥಿ. "ತಾರೀಖು ಸೇರದಿದ್ದರೂ ತಿಥಿ ಸೇರಿತಲ್ಲ" ಎಂದು ಎರಡನ್ನೂ ಎಣಿಸಿದರೆ ಕಾಕತಾಳೀಯ ಸಿಗುವ ಸಾಧ್ಯತೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಒಂದನ್ನು ಮೊದಲೇ ಆರಿಸಿಕೊಳ್ಳಿ. ಆಮೇಲೆ ಬದಲಾಯಿಸಬೇಡಿ.

ಹಬ್ಬದ ಹೆಸರಿನಲ್ಲಿ ನೆನಪಿಟ್ಟ ದಿನಗಳು ಇನ್ನೂ ಮೋಸ. "ಸಂಕ್ರಾಂತಿ ದಿನ ಹುಟ್ಟಿದ" ಎಂದರೆ ಕೈ ತಾನಾಗೇ ಜನವರಿ 14 ಎಂದು ಬರೆಯುತ್ತದೆ. ಆದರೆ ವಿವೇಕಾನಂದರು ಹುಟ್ಟಿದ್ದು 1863ರ ಸಂಕ್ರಾಂತಿಯಂದು, ಅಂದು ಜನವರಿ 12. ಸಂಕ್ರಾಂತಿ ಸುಮಾರು 70 ವರ್ಷಕ್ಕೆ ಒಂದು ದಿನದಂತೆ ಮುಂದೆ ಸರಿಯುತ್ತಾ ಬಂದಿದೆ.

"ಅಮಾವಾಸ್ಯೆ ದಿನ ಹೋದರು" ಎಂಬ ಮಾತನ್ನೂ ಸುಮ್ನೆ ಒಪ್ಪಬೇಡಿ. ಸತ್ತ ತಿಥಿ ಗೊತ್ತಿಲ್ಲದವರಿಗೆಲ್ಲ ಮಹಾಲಯ ಅಮಾವಾಸ್ಯೆಯಂದು ಎಡೆ ಇಡುತ್ತೇವೆ. ಎರಡು ತಲೆಮಾರು ಕಳೆದ ಮೇಲೆ ಎಡೆ ಇಡುವ ದಿನವೇ ಸತ್ತ ದಿನವಾಗಿಬಿಡುತ್ತದೆ.

ಸಂವತ್ಸರದ ಹೆಸರು ಮಾತ್ರ ಸಿಕ್ಕರೆ ಅದು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ ಎಂಬುದು ನೆನಪಿರಲಿ. ಪ್ರಭವ ಎಂದರೆ 1927ರ ಯುಗಾದಿಯಿಂದ ಶುರುವಾದದ್ದೂ ಹೌದು, 1987ರದ್ದೂ ಹೌದು. ಜನವರಿ, ಫೆಬ್ರವರಿ ಹಿಂದಿನ ಸಂವತ್ಸರಕ್ಕೇ ಸೇರುತ್ತವೆ. ಕಾಶಿಯ ಕಡೆಯ ಕಾಗದವಾದರೆ ಇನ್ನೊಂದು ತೊಡಕು. ನಮ್ಮಲ್ಲಿ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ಅಲ್ಲಿ ಹುಣ್ಣಿಮೆಗೆ. ನಮ್ಮ ಶ್ರಾವಣ ಬಹುಳ ಅಷ್ಟಮಿ ಅವರಿಗೆ ಭಾದ್ರಪದದ್ದು. ತುಳುನಾಡಿನ ಮನೆಗಳಲ್ಲಿ ಪಗ್ಗು, ಬೇಶ ಎಂದು ಸೂರ್ಯನ ಲೆಕ್ಕದ ತಿಂಗಳು. ಮುಸ್ಲಿಂ ಮನೆಗಳ ಹಿಜ್ರಿ ವರ್ಷಕ್ಕೆ ಅಧಿಕ ಮಾಸವಿಲ್ಲ. ಅದು ಸುಮಾರು 33 ವರ್ಷದಲ್ಲಿ ಎಲ್ಲ ಋತುಗಳನ್ನೂ ಒಂದು ಸುತ್ತು ಹಾಕುತ್ತದೆ.

ಕೊನೆಯದು ದಿನದ ಗಡಿ. ನಮ್ಮ ಲೆಕ್ಕಕ್ಕೆ ದಿನ ಶುರುವಾಗುವುದು ಸೂರ್ಯ ಹುಟ್ಟಿದಾಗ, ಆಸ್ಪತ್ರೆಗೆ ಮಧ್ಯರಾತ್ರಿ. ಬೆಳಗಿನ ಜಾವ 3 ಗಂಟೆಗೆ ಹುಟ್ಟಿದ ಮಗು ಜಾತಕದಲ್ಲಿ ಭಾನುವಾರದ್ದು, ಪ್ರಮಾಣಪತ್ರದಲ್ಲಿ ಸೋಮವಾರದ್ದು. ವಿದೇಶದಲ್ಲಿರುವವರಿಗೆ ಇದು ಇನ್ನೂ ಜಾಸ್ತಿ. ಬೆಂಗಳೂರಿನಲ್ಲಿ 14ರ ಬೆಳಿಗ್ಗೆ ಆದ ಸಾವಿನ ಫೋನು ಕ್ಯಾಲಿಫೋರ್ನಿಯಾದ ಮಗಳಿಗೆ ಬಂದಾಗ ಅಲ್ಲಿ ಇನ್ನೂ 13ರ ಸಂಜೆ.

ಹಂತ 6: ವಾರ ನೋಡಿ

ಇದು ಎರಡು ನಿಮಿಷದ ಕೆಲಸ. ಫೋನಿನ ಕ್ಯಾಲೆಂಡರನ್ನು ಹಿಂದಕ್ಕೆ ಸರಿಸಿ ಅಥವಾ ಹಳೆ ವರ್ಷದ ಪಂಚಾಂಗ ತೆಗೆದು ವಾರ ಹೊಂದುತ್ತದಾ ನೋಡಿ. ಜನ ತಾರೀಖು ಮರೆತರೂ ವಾರ ಮರೆಯುವುದಿಲ್ಲ.

ಅಜ್ಜಿ ತಮ್ಮ ಮದುವೆ ಶುಕ್ರವಾರ ಎನ್ನುತ್ತಿದ್ದರು. 1952ರ ಮೇ 14 ಬುಧವಾರ. ಕೊಳಗ ಸುಳ್ಳಾ, ಅಜ್ಜಿ ಸುಳ್ಳಾ? ಲಗ್ನಪತ್ರಿಕೆ ಸಿಕ್ಕಿತು, ಅದರಲ್ಲೂ ಬುಧವಾರ. ಆಮೇಲೆ ತಿಳಿಯಿತು, ಶುಕ್ರವಾರ ಅವರನ್ನು ಮನೆ ತುಂಬಿಸಿಕೊಂಡ ದಿನ. ಸೇರನ್ನು ಒದ್ದು ಒಳಗೆ ಬಂದ ದಿನವೇ ಅವರ ಪಾಲಿಗೆ ಮದುವೆ. ಇಬ್ಬರೂ ನಿಜ.

ಹಂತ 7: ಈಗ ಲೆಕ್ಕ ಹಾಕಿ

ಉಳಿದ ಹೊಂದಿಕೆಗಳು ನಿಜವಾಗಿಯೂ ಅಪರೂಪವೇ? ಒಂದು ಕೋಣೆಯಲ್ಲಿ 23 ಜನರಿದ್ದರೆ ಅವರಲ್ಲಿ ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗುವ ಸಾಧ್ಯತೆ ಅರ್ಧಕ್ಕಿಂತ ತುಸು ಹೆಚ್ಚು. 41 ಜನರಾದರೆ ಶೇ. 90. 57 ಆದರೆ ಶೇ. 99. ನಂಬುವುದು ಕಷ್ಟ, ಅಲ್ವಾ? ಗುಟ್ಟು ಇರುವುದು ಜೋಡಿಗಳಲ್ಲಿ. 23 ಜನರಲ್ಲಿ 253 ಜೋಡಿ ಮಾಡಬಹುದು.

ಇದನ್ನು ಮನೆತನಕ್ಕೆ ಹಚ್ಚಿ. 40 ಜನರ ಹುಟ್ಟು, 15 ಮದುವೆ, 18 ಸಾವು. ಒಟ್ಟು 73 ತಾರೀಖು. ಜೋಡಿಗಳ ಲೆಕ್ಕ 73 × 72 ÷ 2, ಅಂದರೆ 2,628. ಇದನ್ನು 365ರಿಂದ ಭಾಗಿಸಿ. ಸುಮಾರು 7. ಏನೂ ವಿಶೇಷವಿಲ್ಲದ ಮನೆಯಲ್ಲೂ ಒಂದೇ ತಾರೀಖಿನ ಏಳು ಜೋಡಿ ಸಿಗಬೇಕು! ಏಳಕ್ಕಿಂತ ತೀರಾ ಕಡಿಮೆ ಸಿಕ್ಕರೆ ಪಟ್ಟಿಯಲ್ಲಿ ತಾರೀಖು ಬಿಟ್ಟುಹೋಗಿದೆಯೇನೋ ಎಂದು ನಾನು ಮೊದಲು ಅನುಮಾನ ಪಡುತ್ತೇನೆ.

ಇಷ್ಟೇ ದೊಡ್ಡ ಮನೆತನದಲ್ಲಿ ಮೂರು ಘಟನೆ ಒಂದೇ ತಾರೀಖಿಗೆ ಬೀಳುವುದು ಸುಮಾರು ಮೂರು ಮನೆಗೆ ಒಂದರಲ್ಲಿ. ನಾಲ್ಕು ಬೀಳುವುದು ಸುಮಾರು 50 ಮನೆಗೆ ಒಂದರಲ್ಲಿ. "ಒಂದು ದಿನ ಆಚೆ ಈಚೆ ಆದರೂ ಪರವಾಗಿಲ್ಲ" ಎಂದು ರಿಯಾಯಿತಿ ಕೊಟ್ಟರೆ ಏಳು ಜೋಡಿ 20 ದಾಟುತ್ತದೆ. ರಿಯಾಯಿತಿ ಕೊಡಬೇಡಿ.

ಹುಟ್ಟಿದ ದಿನವೇ ಸಾಯುವುದು ಒಬ್ಬರ ಮಟ್ಟಿಗೆ 365ರಲ್ಲಿ ಒಂದು. 18 ಸಾವುಗಳ ಮನೆತನದಲ್ಲಿ ಯಾರಾದರೂ ಒಬ್ಬರಿಗೆ ಹಾಗಾಗುವುದು ಸುಮಾರು 20 ಮನೆಗೆ ಒಂದರಲ್ಲಿ. ನಾಡಿನಲ್ಲಿ ಹೆಸರು ಮಾಡಿದವರನ್ನು ನೋಡಿದರೂ ಸಿಗುತ್ತಾರೆ. ಮಾಸ್ತಿ ವೆಂಕಟೇಶ ಅಯ್ಯಂಗಾರರು 1891ರ ಜೂನ್ 6ರಂದು ಹುಟ್ಟಿ 1986ರ ಜೂನ್ 6ರಂದು ತೀರಿಕೊಂಡರು. ಸಿ. ಅಶ್ವಥ್ ಹುಟ್ಟಿದ್ದು 1939ರ ಡಿಸೆಂಬರ್ 29, ಹೋದದ್ದು 2009ರ ಡಿಸೆಂಬರ್ 29. ಯಾರ ಎಷ್ಟೋ ಕವಿತೆಗಳಿಗೆ ಅವರು ರಾಗ ಹಾಕಿದರೋ ಆ ಕುವೆಂಪು ಹುಟ್ಟಿದ್ದೂ ಡಿಸೆಂಬರ್ 29ಕ್ಕೇ. ಕೇಳಿದಾಗ ಎದೆ ಸ್ವಲ್ಪ ಹಿಡಿದಂತಾಗುತ್ತದೆ. ಲೆಕ್ಕ ಗೊತ್ತಿದ್ದರೂ ಆಗುತ್ತದೆ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಎಂದು ಗಾದೆ ಹೇಳಿದವರಿಗೂ ಆಗಿರಬೇಕು.

ಹಂತ 8: ಕಾರಣ ಇರುವವನ್ನು ಬೇರೆ ಮಾಡಿ

ಮೇಲಿನ ಲೆಕ್ಕದಲ್ಲಿ ಎಲ್ಲ ದಿನವೂ ಸಮ ಎಂದುಕೊಂಡಿದ್ದೆವು. ಹುಟ್ಟು ಸಾವಿಗೆ ಅದು ಹೆಚ್ಚುಕಡಿಮೆ ನಡೆಯುತ್ತದೆ. ಮದುವೆಗೆ ಮಾತ್ರ ನಡೆಯುವುದೇ ಇಲ್ಲ. ಆಷಾಢ ಬೇಡ, ಪಿತೃಪಕ್ಷ ಬೇಡ, ಧನುರ್ಮಾಸ ಬೇಡ, ಅಧಿಕ ಮಾಸ ಬೇಡ, ಗುರು ಶುಕ್ರರ ಅಸ್ತ ಬೇಡ. ಉಳಿದದ್ದರಲ್ಲಿ ಮುಹೂರ್ತ ಇರುವ ದಿನ ಬೇಕು. ಈಗಿನವರಿಗೆ ಭಾನುವಾರವೂ ಆಗಬೇಕು, ಛತ್ರವೂ ಖಾಲಿ ಇರಬೇಕು. ಹೀಗೆ ಸೋಸಿದರೆ ವರ್ಷಕ್ಕೆ ಉಳಿಯುವುದು ಕೆಲವೇ ದಿನ, ಅವೂ ಬಹುಪಾಲು ಮಾಘ, ಫಾಲ್ಗುಣ, ವೈಶಾಖ, ಜ್ಯೇಷ್ಠದಲ್ಲಿ. ಎರಡು ಮದುವೆಗಳ ತಾರೀಖು ಸೇರಿದರೆ ಬೆರಗಾಗಲು ಏನೂ ಇಲ್ಲ.

ತಿಂಗಳು ತಾರೀಖಿನ ಜೊತೆ ವರ್ಷವೂ ಒಂದೇ ಆದರೆ ಅದನ್ನು ಕಾಕತಾಳೀಯ ಎನ್ನುವ ಮೊದಲು ಕಾರಣ ಹುಡುಕಿ. ಒಂದೇ ವಾರದಲ್ಲಿ ಮೂರು ಸಾವು 1918ರ ಕೊನೆಯಲ್ಲಿ ಕಂಡರೆ ಇನ್‌ಫ್ಲುಯೆಂಜಾ ನೆನಪಿಗೆ ಬರಬೇಕು. ಬೆಂಗಳೂರಿನಲ್ಲಿ 1898ರ ಸಾವುಗಳಾದರೆ ಪ್ಲೇಗು. ಗಂಡ ಹೆಂಡತಿ ಕೆಲವೇ ದಿನಗಳ ಅಂತರದಲ್ಲಿ ಹೋಗುವುದೂ ಬರೀ ಆಕಸ್ಮಿಕವಲ್ಲ. ಜೊತೆಗಾರರು ಹೋದ ಮೊದಲ ಕೆಲವು ತಿಂಗಳು ಉಳಿದವರ ಜೀವಕ್ಕೆ ಅಪಾಯ ಹೆಚ್ಚು. ಇನ್ನು ಈಗಿನ ಹುಟ್ಟುಗಳಲ್ಲಿ ಸಿಸೇರಿಯನ್ ಇದ್ದರೆ ತಾರೀಖು ಆರಿಸಿದ್ದು ಯಾರು ಎಂದು ಕೇಳಿ. "ಅಜ್ಜನ ಹುಟ್ಟಿದ ದಿನವೇ ಮಾಡಿ ಡಾಕ್ಟ್ರೇ" ಎಂದು ಕೇಳಿಕೊಂಡವರೂ ಇರುತ್ತಾರೆ.

ದೊಡ್ಡಪ್ಪ, ಅತ್ತೆಯ ಮದುವೆಗಳ ಗುಟ್ಟು ಅಜ್ಜನ ಖರ್ಚಿನ ಪುಸ್ತಕದಲ್ಲಿತ್ತು. 1978ರ ಮೇ 14, ಭಾನುವಾರ. ಎರಡೂ ಮದುವೆ ಅಂದೇ, ಒಂದೇ ಚಪ್ಪರದಲ್ಲಿ. ಮಗಳನ್ನು ಕಳಿಸಿ ಸೊಸೆಯನ್ನು ತಂದುಕೊಂಡರು. ಹಿಂದಿನ ವರ್ಷ ಮಾಡಿದ ಸಾಲದ ಬಡ್ಡಿ ಅದೇ ಪುಟದ ಎಡಗಡೆ ಇದೆ. ಇಬ್ಬರಿಗೂ ಬೇರೆ ಬೇರೆ ಮದುವೆ ಮಾಡುವ ಶಕ್ತಿ ಅಜ್ಜನಿಗಿರಲಿಲ್ಲ. 30 ವರ್ಷ ನಾವು "ಏನೋ ಒಂದು ಶಕ್ತಿ" ಎಂದುಕೊಂಡದ್ದು ಇದನ್ನು. ಅವರು ಆರಿಸಿದ ದಿನ 1952ರ ದಿನದ ಮೇಲೇ ಬಿದ್ದದ್ದು ಮಾತ್ರ ನಿಜವಾದ ಕಾಕತಾಳೀಯ. ಅದೂ ಎರಡೂ ವರ್ಷ ಮೇ 14 ವೈಶಾಖದಲ್ಲಿ ಬಂದಿತ್ತು, ಅಷ್ಟೇ.

ಹಂತ 9: ಬರೆದಿಡಿ

ಪ್ರತಿ ಹೊಂದಿಕೆಗೂ ನಾಲ್ಕೈದು ಸಾಲು ಸಾಕು. ಮನೆಯಲ್ಲಿ ಹೇಳುವ ಕಥೆ ಏನು, ಕಾಗದ ಏನು ಹೇಳುತ್ತದೆ, ಎರಡಕ್ಕೂ ವ್ಯತ್ಯಾಸ ಬಂದದ್ದು ಎಲ್ಲಿ. ಕಥೆ ಸುಳ್ಳೆಂದು ಗೊತ್ತಾದರೂ ಅಳಿಸಬೇಡಿ. ಯಾರು ಹೇಳುತ್ತಿದ್ದರು ಎಂದು ಸೇರಿಸಿ ಹಾಗೇ ಇಡಿ. ಕಾಗದಗಳ ಫೋಟೋ ತೆಗೆದು ಇಬ್ಬರು ಮೂವರ ಹತ್ತಿರ ಇರಿಸಿ. ಗ್ರಾಂಪ್ಸ್‌ನಂಥ ಉಚಿತ ವಂಶವೃಕ್ಷ ತಂತ್ರಾಂಶದಲ್ಲಿ ಹಾಕಿದರೆ ವರ್ಷದ ಕ್ಯಾಲೆಂಡರನ್ನೂ ಮಾಡಿಕೊಡುತ್ತದೆ.

ಬರೆದದ್ದನ್ನು ಸಂಬಂಧಪಟ್ಟವರಿಗೆ ಓದಿ ಹೇಳಿ. ನಾನು ಮೇ 14ರ ಪುಟವನ್ನು ಅತ್ತೆಗೆ ಓದಿದೆ. ಸಾಲದ ಮಾತು ಬಂದಾಗ ಬೇಜಾರು ಮಾಡಿಕೊಳ್ಳುತ್ತಾರೇನೋ ಎಂದು ಹೆದರಿದ್ದೆ. ಅವರು ಕಣ್ಣು ಮುಚ್ಚಿಕೊಂಡೇ ಪೂರ್ತಿ ಕೇಳಿದರು. "ಒಂದು ಚಪ್ಪರ, ಒಬ್ಬ ಅಡುಗೆಯವ ಅಂತ ಬರ್ದಿದೀಯ. ಚಪ್ಪರ ಸರಿ. ಅಡುಗೆಯವರು ಇಬ್ಬರು ಕಣೋ. ಗಂಡಿನ ಕಡೆಯೋರು ಹೋಳಿಗೆಗೆ ಬೇರೆಯವರನ್ನೇ ಕರ್ಕೊಂಡು ಬಂದಿದ್ರು" ಎಂದರು. ಹೊಡೆದುಹಾಕಿ ಇಬ್ಬರು ಎಂದು ತಿದ್ದಿದೆ. ಯಾರು ಹೇಳಿದರು ಎಂಬ ಕಾಲಂನಲ್ಲಿ ಅತ್ತೆಯ ಹೆಸರು ಬರೆದೆ.